ರಾಕ್ಷಸಿಯ ಮನೆಯ ಉಪ್ಪು

ಹೋದ ವಾರ ನಮ್ಮ ಶಾಲೆಯ ಪಕ್ಕದ ಹೊಲದಲ್ಲಿ, ಕಬ್ಬು ಕಡಿದು ಖಾಲಿಯಾದ ಜಾಗದಲ್ಲಿ, ಯಾರೋ ಕುರಿಮಂದೆ ಕೂಡಿಸಿದ್ದರು. ಅಕಾಲದಲ್ಲಿ ಒಂದು ಮಳೆ ಬಂದು ಹೋಯಿತು. ಐದನೆಯ ವರ್ಗಕ್ಕೆ ಭಾಗಾಕಾರ ಹೇಳುತ್ತ ನಿಂತಿದ್ದ ನನಗೆ ಕಿಟಕಿಯಿಂದ ತೊಯ್ದ ಕುರಿ, ತೊಯ್ದ ಕಂಬಳಿ, ಹಿಕ್ಕೆ ಎಲ್ಲ ಕೂಡಿದ ವಾಸನೆ ಗಪ್ಪನೆ ಬಡಿಯಿತು. ಮಕ್ಕಳು ಮೂಗು ಮುಚ್ಚಿಕೊಂಡವು. ನನಗೆ ನಗು ತಡೆಯಲಾಗಲಿಲ್ಲ. ಮಿರಜ ಕಡೆಯ ಈ ಮಕ್ಕಳಿಗೆ ಏನು ಗೊತ್ತು? ನನ್ನ ಪಾಲಿಗೆ ಅದು ಗಡಿಭಾಗದ ಜತ್ತ ತಾಲೂಕಿನ ಬಿಳೂರಿನ ವಾಸನೆ. ಅಲ್ಲಿ ನಾನು ಕಳೆದ ಮೊದಲ ಮಳೆಗಾಲದ ವಾಸನೆ.

ಬಿಳೂರು ನನ್ನ ಮೊದಲ ನೌಕರಿಯ ಊರು. ಕನ್ನಡ ಶಾಲೆ, ನಾಲ್ಕು ಕೋಣೆ, ಅಂಗಳದಲ್ಲಿ ಒಂದು ಬೇವಿನ ಮರ. ನಾನಾದರೋ ಹುಟ್ಟಾ ಜಗಳಗಂಟಿ. ಮಿರಜದ ನಮ್ಮ ಮನೆಯಲ್ಲಿ ನಾವು ಅಕ್ಕತಂಗಿಯರೇ ನಾಲ್ವರು. ಮೊದಲ ಚಪಾತಿ ಯಾರ ತಾಟಿಗೆ ಎನ್ನುವುದರಿಂದ ಶುರುವಾದರೆ ವಾದವಿಲ್ಲದೆ ಹೊತ್ತು ಮುಳುಗುತ್ತಿರಲಿಲ್ಲ. ಬಿಳೂರಿನಲ್ಲಿ ಎಲ್ಲರೂ ‘ಬಾಯಾರ, ಬಾಯಾರ’ ಎಂದು ಮರ್ಯಾದೆ ಕೊಡುವವರೇ. ಶಾಲೆ ಕಲಿಸುವ ಹೆಂಗಸಿಗೆ ಅಲ್ಲಿ ಅದೇ ಹೆಸರು. ನಾನು ಏನು ಹೇಳಿದರೂ ‘ಹೌದ್ರಿ’. ಮಳೆ ಬರುತ್ತದೆ ಎಂದರೆ ‘ಹೌದ್ರಿ’, ಬರುವುದಿಲ್ಲ ಎಂದರೂ ‘ಹೌದ್ರಿ’. ಎದುರು ಮಾತಾಡುವ ಒಂದು ಜೀವ ಇರಲಿಲ್ಲ. ಬರೀ ಮರ್ಯಾದೆ ಉಂಡು ಎಷ್ಟು ದಿನ ಬದುಕಲಾದೀತು? ವಾರವೆಲ್ಲ ಮಕ್ಕಳ ಗದ್ದಲದಲ್ಲಿ ಕಳೆದುಹೋಗುತ್ತಿತ್ತು. ಐತವಾರ ಬಂತೆಂದರೆ ಒಬ್ಬಳೇ ಮಾಡಿ, ಒಬ್ಬಳೇ ಉಂಡು, ಗೋಡೆ ನೋಡುತ್ತ ಕೂಡುವುದು. ಶ್ರಾವಣ ಕಾಲಿಡುವ ಹೊತ್ತಿಗೆ ಈ ಊರಲ್ಲಿ ನಾನು ಉಳಿಯುವವಳಲ್ಲ ಎಂದು ನನಗೆ ಖಾತ್ರಿಯಾಗಿತ್ತು.

ನಾನಿದ್ದ ಬಾಡಿಗೆ ಕೋಣೆ ಗುರುಬಸಣ್ಣನ ಕೃಷಿ ಸೇವಾ ಕೇಂದ್ರದ ಹಿಂದೆ. ಮುಂದೆ ಬೀಜ-ಗೊಬ್ಬರದ ಅಂಗಡಿ, ನಡುವೆ ಚೀಲ ಒಟ್ಟುವ ಪಡಸಾಲೆ, ಹಿಂದೆ ಅವರ ಮನೆ, ಪಕ್ಕಕ್ಕೆ ನಾನು. ಮನೆಯಲ್ಲಿ ಅವನೂ ಅವನ ತಾಯಿ ಗೌರವ್ವನೂ ಇಬ್ಬರೇ. ನಾನು ಆಕೆಯನ್ನು ಆಯಿ ಎನ್ನುತ್ತಿದ್ದೆ. ಒಂದು ಐತವಾರ ಜಿಟಿಜಿಟಿ ಮಳೆ ಹಿಡಿದಿತ್ತು. ಬೇಸರ ತಾಳಲಾರದೆ ಟ್ರಂಕಿನಿಂದ ದಾಳಗಳ ಡಬ್ಬಿ ತೆಗೆದು ಪಡಸಾಲೆಯಲ್ಲಿ ಕೂತು ಸುಮ್ಮನೆ ಉರುಳಿಸುತ್ತಿದ್ದೆ.

“ಇದೇನ ಮಗಳ, ಶಕುನ ನೋಡಾಕತ್ತಿಯೇನ?” ಎಂದರು ಆಯಿ.

ಶಕುನವಲ್ಲ, ಆಟ ಎಂದೆ. ಡಿ.ಎಡ್. ಓದುವಾಗ ಹಾಸ್ಟೆಲಿನಲ್ಲಿ ಪುಣೆಯ ಗೆಳತಿಯೊಬ್ಬಳು ಕಲಿಸಿದ್ದು. ಹಲಗೆಯಿಲ್ಲ, ಕಾಯಿಯಿಲ್ಲ. ಒಬ್ಬರು ಕತೆ ನಡೆಸಬೇಕು, ಉಳಿದವರು ಒಬ್ಬೊಬ್ಬ ವೀರನನ್ನು ಮಾಡಿಕೊಂಡು ಕತೆಯೊಳಗೆ ಇಳಿಯಬೇಕು. ಪ್ರತಿ ವೀರನಿಗೂ ಶಕ್ತಿ, ಚುರುಕು, ತಾಳಿಕೆ, ಬುದ್ಧಿ, ವಿವೇಕ, ಮಾತು ಎಂದು ಆರು ಗುಣ. ಹಂಚಿಕೊಳ್ಳಲು ಸಿಗುವ ಅಂಕ ಇಂತಿಷ್ಟೇ; ಒಂದಕ್ಕೆ ಸುರಿದರೆ ಇನ್ನೊಂದು ಬಡವಾಗುತ್ತದೆ. ಏನಾದರೂ ಸಾಹಸ ಮಾಡಹೊರಟಾಗ ಇಪ್ಪತ್ತು ಮುಖದ ದಾಳ ಉರುಳಿಸಿ, ಬಿದ್ದ ಅಂಕಿಗೆ ಆ ಗುಣದ ಬಲ ಕೂಡಿಸಿ, ಗೆದ್ದನೋ ಬಿದ್ದನೋ ಹೇಳಬೇಕು. ಇಷ್ಟಕ್ಕೆ ಇಂಗ್ಲಿಷಿನಲ್ಲಿ ಇಟ್ಟಂಗಿಯಷ್ಟು ದಪ್ಪದ ಒಂದು ನಿಯಮದ ಪುಸ್ತಕ.

“ಅಂದ್ರ ನೀ ಬಯಲಾಟ ನಡಸೂ ಸಾರಥಿ, ನಾವು ಪಾತ್ರಧಾರಿಗಳು” ಎಂದು ಆಯಿ ಒಂದೇ ಮಾತಿನಲ್ಲಿ ಪುಸ್ತಕ ಮುಗಿಸಿದರು. ಅಂಗಡಿಯ ಕದ ಹಾಕಿ ಬಂದ ಗುರುಬಸಣ್ಣನೂ ಕುತೂಹಲಕ್ಕೆ ಕುಳಿತ. ಅಷ್ಟರಲ್ಲಿ ಹಿಂದಿನ ಬಾಗಿಲಿಗೆ ಮಾಯವ್ವ ಬಂದಳು. ಕುರಿ ಸಾಕುವ ಮನೆಯ ಸೊಸೆ, ನನ್ನದೇ ವಯಸ್ಸು, ಹತ್ತನೆಯದು ಪಾಸಾದವಳು. ಕುರಿಗಳಿಗೆ ಹುಳದ ಔಷಧ ಕೇಳಲು ಬಂದವಳು ತೊಯ್ದ ಕಂಬಳಿ ಹೊದ್ದುಕೊಂಡೇ ಬಾಗಿಲಲ್ಲಿ ನಿಂತಳು. “ಏನ್ ನಡದೈತ್ರಿ?” ಎಂದು ಕೇಳಿ, ಉತ್ತರಕ್ಕೆ ಕಾಯದೆ ಚೀಲದ ಮೇಲೆ ಕುಳಿತೇಬಿಟ್ಟಳು.

ವೀರರನ್ನು ಮಾಡುವುದಕ್ಕೇ ಆ ಮಧ್ಯಾಹ್ನ ಹೋಯಿತು. ಮನುಷ್ಯನ ಗುಣ ಗೊತ್ತಾಗಬೇಕಾದರೆ ಅವನಿಗೆ ಹಂಚಿಕೊಳ್ಳಲು ಅಂಕ ಕೊಟ್ಟು ನೋಡಬೇಕು. ಗುರುಬಸಣ್ಣ ದಾಳಿಂಬದ ತೋಟಕ್ಕೆ ಯಾವ ಗೊಬ್ಬರ ಎಷ್ಟು, ಯಾವಾಗ ಎಂದು ಊರಿಗೇ ಹೇಳುವವನು. ಗಡ್ಡ ತುರಿಸಿಕೊಂಡು ಕೇಳಿದ:

“ಮಾತಿಗೆ ಕಡಿಮಿ ಅಂದ್ರ ಎಷ್ಟ ಕೊಡಬೇಕ್ರಿ?”

“ಮೂರು.”

“ಮೂರs ಇರ್ಲಿ. ಕೈಯಾಗ ಗದಾ ಇದ್ದಾಂವಗ ಮಾತ್ಯಾಕ ಬೇಕು? ಉಳದದ್ದೆಲ್ಲ ಶಕ್ತಿಗೆ ಹಾಕ್ರಿ.”

ಹೀಗೆ ಹುಟ್ಟಿದ ರಣಭೀಮ. ಗುರುಬಸಣ್ಣ ಪುಸ್ತಕವನ್ನು ಅಂಗಡಿಗೇ ಒಯ್ದ. ಇಂಗ್ಲಿಷ್ ಅಷ್ಟಕ್ಕಷ್ಟೇ, ಫೋನಿನಲ್ಲಿ ಪುಟದ ಫೋಟೋ ಹೊಡೆದು ಮರಾಠಿಗೆ ತಿರುಗಿಸಿಕೊಂಡು, ಗಿರಾಕಿ ಇಲ್ಲದಾಗ ಓದುತ್ತಿದ್ದ. ಪ್ರತಿ ಐತವಾರ ಹೊಸದೊಂದು ಶೋಧದೊಂದಿಗೆ ಬರುತ್ತಿದ್ದ. ಗುರಾಣಿ ಬಿಟ್ಟರೆ ಗದೆಗೆ ಎರಡೂ ಕೈ ಸಿಗುತ್ತವೆ. ಎರಡು ಕೈಯ ಏಟಿಗೆ ಸಿಟ್ಟು ಕೂಡಿಸಬಹುದು. ಸಿಟ್ಟಿನ ಮೇಲೆ ಆಯಿಯ ಪಾತ್ರದ ಜಪದ ಬಲ ಕೂಡಿಸಬಹುದು. ಎತ್ತರದಿಂದ ಹಾರಿ ಹೊಡೆದರೆ ಅದೆಲ್ಲದಕ್ಕೂ ದುಪ್ಪಟ್ಟು. ಪುಸ್ತಕ ಬರೆದವರು ಬೇರೆ ಬೇರೆ ಪುಟಗಳಲ್ಲಿ ದೂರ ದೂರ ಇಟ್ಟಿದ್ದ ನಿಯಮಗಳನ್ನು ಇವನು ಒಂದೇ ಗಾಡಿಗೆ ಹೂಡಿದ್ದ. ಗಣೇಶ ಚೌತಿಯ ಹೊತ್ತಿಗೆ ರಣಭೀಮನ ಒಂದು ಏಟಿಗೆ ಆನೆ ಉರುಳುತ್ತಿತ್ತು. ಆದರೆ ಬಾಯಿ ಬಿಟ್ಟರೆ ಬಣ್ಣಗೇಡು. ದಾರಿ ಕೇಳಲು ಹೋಗಿ ಊರವರಿಂದ ಕಲ್ಲು ತಿಂದ. ರಾಜನಿಗೆ ನಮಸ್ಕಾರ ಹೇಳಲು ಹೋಗಿ ಜೈಲು ಸೇರಿದ. ಆಗೆಲ್ಲ ಆಯಿ ಸೆರಗು ಬಾಯಿಗೆ ಹಿಡಿದು ನಗುವುದು ನೋಡುವಂತಿತ್ತು.

ಮಾಯವ್ವ ಕವಣೆ ಬೀಸುವ ಒಬ್ಬ ಹೆಂಗಸನ್ನೂ ಜೊತೆಗೊಂದು ನಾಯಿಯನ್ನೂ ಮಾಡಿಕೊಂಡಳು. ಅವಳ ಬುದ್ಧಿಯೆಲ್ಲ ತಕರಾರಿಗೆ. ಮೊದಲ ಗುಹೆಯಲ್ಲೇ ಶುರು. ಕತ್ತಲಲ್ಲಿ ನಾಯಿಗೂ ದೀಪ ಬೇಕು, ಇಲ್ಲದಿದ್ದರೆ ದಾಳದಲ್ಲಿ ಅಂಕ ಕಡಿತ ಎಂದೆ.

“ನಾಯಿಗೆ ದೀಪ? ಬಾಯಾರ, ಈ ಪುಸ್ತಕ ಬರದಾಂವ ನಾಯಿ ಸಾಕಿಲ್ರಿ!”

“ಸಾಕಿರಲಿ ಬಿಡಲಿ, ನಿಯಮ ನಿಯಮ.”

“ತೋಳ ರಾತ್ರಿ ಬಂದಾಗ ನಮ್ಮ ನಾಯಿ ಕಂದೀಲ ಹಿಡ್ಕೊಂಡ್ ಹೋಗ್ತೈತೇನ್ರಿ?”

“ತೋಳದ ಮೇಲೆ ಆ ಪುಸ್ತಕ ಚಾಲ್ತಿಯಿಲ್ಲ. ಇಲ್ಲಿ ಚಾಲ್ತಿಯಿದೆ. ಕಡಿತ ಅಂದರೆ ಕಡಿತ.”

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎಂದು ಅವಳೂ ಕೂತಳು, ನಾನೂ ಕೂತೆ. ಅಂದು ಕತೆ ಗುಹೆಯ ಬಾಯಿಯಿಂದ ಒಂದು ಹೆಜ್ಜೆ ಮುಂದೆ ಹೋಗಲಿಲ್ಲ. ಅವಳು ಹೋದ ಮೇಲೆ ಗಂಟಲು ಒಣಗಿತ್ತು. ಕೋಣೆಗೆ ಬಂದು ನೀರು ಕುಡಿಯುತ್ತಿದ್ದಾಗ ತಿಳಿಯಿತು, ಬಿಳೂರಿಗೆ ಬಂದ ಮೇಲೆ ಮೊದಲ ಸಲ ನನ್ನ ಮನಸ್ಸು ತುಂಬಿತ್ತು. ಆ ದಿನದಿಂದ ಐತವಾರಕ್ಕಾಗಿ ನಾನು ಮಕ್ಕಳಿಗಿಂತ ಹೆಚ್ಚು ಕಾಯತೊಡಗಿದೆ.

ಇನ್ನು ಆಯಿ. ಶಿವಪೂಜೆ ತಪ್ಪಿಸದ, ಗುಡ್ಡಾಪುರದ ದಾನಮ್ಮನ ಗುಡಿಗೆ ನಡೆದೇ ಹೋಗುವ ಜೀವ. ಅವರ ಪಾತ್ರ ಗಾಯ ವಾಸಿ ಮಾಡುವ ಒಬ್ಬ ಶರಣೆ. ಸಾಮಾನು ಕೊಳ್ಳುವ ಸರದಿ ಬಂದಾಗ ಎಲ್ಲರೂ ಕತ್ತಿ, ಹಗ್ಗ, ಬಾಣ ಎಂದರೆ, ಆಯಿ ರೊಟ್ಟಿ ಬೇಯಿಸುವ ಒಂದು ಹಂಚು, ಒಂದು ಚೀಲ ಜೋಳದ ಹಿಟ್ಟು ತೆಗೆದುಕೊಂಡರು.

“ಯವ್ವಾ, ರಾಕ್ಷಸಿ ಕೊಲ್ಲಾಕ ಹೊಂಟೇವಿ. ಹಂಚ ಹೊತ್ಕೊಂಡ್ ಬರ್ತಿಯೇನ?” ಎಂದು ಗುರುಬಸಣ್ಣ ತಲೆ ಚಚ್ಚಿಕೊಂಡ.

“ರಾಕ್ಷಸಿ ಕೊಲ್ಲೂ ತನಕ ನೀ ಉಪಾಸ ಇರ್ತಿಯೇನ?” ಎಂದರು ಆಯಿ.

ಕತೆ ಇಷ್ಟು: ಗುಡ್ಡದ ತುದಿಯಲ್ಲಿ ಒಬ್ಬ ರಾಕ್ಷಸಿ. ಪುಸ್ತಕದಲ್ಲಿ ಅವಳು ಕಾಯುತ್ತ ಕೂತದ್ದು ಬಂಗಾರವನ್ನು. ಬಂಗಾರ ಎಂದಾಗ ನನ್ನ ಆಟಗಾರರ ಮುಖದಲ್ಲಿ ಏನೂ ಕಾಣಲಿಲ್ಲ. ಅದಕ್ಕೆ ಅವಳು ಒಂದು ಹಳ್ಳದ ನೀರನ್ನು ಕಟ್ಟಿಹಾಕಿದ್ದಾಳೆ ಎಂದು ಬದಲಿಸಿದೆ. ಮೂವರೂ ನೆಟ್ಟಗೆ ಕುಳಿತರು. ಗುಡ್ಡದ ಬುಡದಲ್ಲಿ ಒಂದು ಗುಡಿಸಲು, ಅದರಲ್ಲಿ ಒಬ್ಬ ಮುದುಕಿ. ಆ ಮುದುಕಿಯೇ ವೇಷ ಮರೆಸಿಕೊಂಡ ರಾಕ್ಷಸಿ. ಅದು ನನಗೆ ಗೊತ್ತು, ಅವರಿಗೆ ಗೊತ್ತಿಲ್ಲ. ಮೋಸದ ಊಟ ಹಾಕಿ ವೀರರ ಬಲ ಇಳಿಸುವುದು ಪುಸ್ತಕದ ಉಪಾಯ. ಆದರೆ ಮುದುಕಿ ಊಟಕ್ಕೆ ಕರೆಯುವ ಮೊದಲೇ ಆಯಿ, “ಒಬ್ಬಾಕಿನs ಅದಾಳ, ಪಾಪ, ಏನ್ ಮಾಡ್ಕೊಂಡಾಳು” ಎಂದು ತಮ್ಮ ಹಂಚು ಇಳಿಸಿ ಅವಳ ಒಲೆಯ ಮೇಲೆ ರೊಟ್ಟಿ ಬಡಿದರು. ಮುದುಕಿಯ ಕಡೆಯಿಂದ ಬಂದದ್ದು ಒಂದು ಹಿಡಿ ಉಪ್ಪು, ಒಂದು ಉಳ್ಳಾಗಡ್ಡಿ. ಮುದುಕಿ ರೊಟ್ಟಿ ಮುಟ್ಟಲಿಲ್ಲ; ವೀರರು ಮೂವರೂ ಒಂದೇ ಸಾಲಿನಲ್ಲಿ ಕೂತು ಉಂಡರು. ನನ್ನ ಉಪಾಯ ನೀರುಪಾಲಾಯಿತು. ಇರಲಿ, ಮುಂದೆ ಯುದ್ಧವಂತೂ ಇದೆ ಎಂದು ಸುಮ್ಮನಾದೆ.

ಆ ವರ್ಷ ಉತ್ತರೆ ಮಳೆ ಚೆನ್ನಾಗಿ ಹಿಡಿಯಿತು, ಹಸ್ತವೂ ಕೈಬಿಡಲಿಲ್ಲ. ಊರ ಸುತ್ತ ಸಜ್ಜೆ ತಲೆ ಎತ್ತಿ ನಿಂತಿತ್ತು. ಶಾಲೆಯ ಅಂಗಳದಲ್ಲಿ ಕೆಸರು, ಮಕ್ಕಳ ಚಡ್ಡಿಯಲ್ಲಿ ಕೆಸರು, ನನ್ನ ಸೀರೆಯಲ್ಲಿ ಕೆಸರು. ಐತವಾರ ಆಯಿ ಹಸಿ ಶೇಂಗಾ ಕುದಿಸಿ ಬುಟ್ಟಿಯಲ್ಲಿ ತಂದಿಡುತ್ತಿದ್ದರು. ಸಿಪ್ಪೆ ಸುಲಿಯುತ್ತ, ಜಗಳಾಡುತ್ತ ಗುಡ್ಡ ಹತ್ತುತ್ತಿದ್ದೆವು. ಒಂದೇ ಒಂದು ಚಿಂತೆ. ಬನ್ನಿ ಹಬ್ಬ ಮುಗಿದ ಮೇಲೆ ಮಾಯವ್ವನ ಮನೆಯವರು ಕುರಿ ಹೊಡೆದುಕೊಂಡು ಕೃಷ್ಣಾ ನದಿಯ ಕಡೆ ಹೊರಡುತ್ತಾರೆ. ಮತ್ತೆ ಬರುವುದು ಮುಂದಿನ ಮಳೆಗೆ. ಅಷ್ಟರೊಳಗೆ ಕತೆ ಮುಗಿಯಬೇಕಿತ್ತು. ಅದಕ್ಕಿಂತ ಹೆಚ್ಚಾಗಿ, ಈ ಕೂಟ ಒಮ್ಮೆ ಮುರಿದರೆ ಮತ್ತೆ ಸೇರುತ್ತದೆಯೋ ಇಲ್ಲವೋ ಎಂಬ ಭಯ ನನಗೆ.

ಹಬ್ಬದ ಹಿಂದಿನ ಐತವಾರ ವೀರರು ಗುಡ್ಡದ ತುದಿ ಮುಟ್ಟಿದರು. ರಣಭೀಮ ಬಂಡೆಯ ಮೇಲೆ, ಕೆಳಗೆ ರಾಕ್ಷಸಿ. ಹಾರಿ ಹೊಡೆಯಲು ಇಡೀ ಮಳೆಗಾಲ ಕಾದಿದ್ದ ಏಟು. ಗುರುಬಸಣ್ಣ ದಾಳ ಕೈಗೆತ್ತಿಕೊಂಡ. ನಾನು ರಾಗವಾಗಿ ವರ್ಣಿಸಿದೆ: ಅವಳು ತಲೆ ಎತ್ತುತ್ತಾಳೆ, ಅದೇ ಕಣ್ಣು, ಅದೇ ಸುಕ್ಕು ಕೈ, ಗುಡಿಸಲ ಮುದುಕಿ!

ಆಯಿ ಕೈ ಚಾಚಿ ಮಗನ ಮುಷ್ಟಿ ಹಿಡಿದರು. “ತಡಿ. ಆಕಿ ಉಪ್ಪ ಉಂಡೇವಿ.”

“ಏನಂದಿ?”

“ಉಂಡ ಮನಿ ಜಂತಿ ಎಣಿಸಬಾರದು ಅಂತಾರ. ನೀ ಉಂಡ ಮನಿ ಯಜಮಾನತಿ ತಲಿ ಒಡಿಯಾಕ ಹೊಂಟಿ.”

“ಯವ್ವಾ, ಆಕಿ ರಾಕ್ಷಸಿ! ಮೋಸ ಮಾಡಾಕ ಕುಂತಿದ್ದಳು!”

“ಆಕಿ ಮೋಸ ಆಕಿ ಕಡಿ. ನಾವು ಉಂಡದ್ದು ಖರೆನೋ ಸುಳ್ಳೋ?”

“ಬಾಯಾರ, ಪುಸ್ತಕ ತಗೀರಿ. ಉಪ್ಪ ಉಂಡ್ರ ಹೊಡಿಬಾರದಂತ ಎಲ್ಲ್ಯರ ಐತೇನು?”

ಎಲ್ಲೂ ಇರಲಿಲ್ಲ. “ಅದು ಆಟ ಯವ್ವಾ, ಬರೀ ಆಟ!” ಎಂದ ಗುರುಬಸಣ್ಣ.

“ಆಟ ಅಂದ್ರ, ಹೋದ ವಾರ ನನ್ನ ದಾಳ ಚೀಲದ ಸಂದ್ಯಾಗ ಬಿತ್ತಂತ ಲೆಕ್ಕಕ್ಕ ಹಿಡಿಲಿಲ್ಲಲ್ಲ, ಆವಾಗ ಆಟ ಇರಲಿಲ್ಲೇನ?”

ಮೂವರೂ ನನ್ನ ಮುಖ ನೋಡಿದರು. ಜಗಳವೆಂದರೆ ಊಟಕ್ಕಿಂತ ರುಚಿ ಎನ್ನುವ ನಾನು ಅಂದು ಪುಸ್ತಕದ ಪುಟ ತಿರುವುತ್ತ ಕೂತೆ. ಅತ್ತ ಹೇಳಿದರೆ ಆಯಿ ಏಳುತ್ತಾರೆ, ಇತ್ತ ಹೇಳಿದರೆ ಗುರುಬಸಣ್ಣ ಏಳುತ್ತಾನೆ. ನಾನು ಬಾಯಿ ತೆರೆಯುವ ಮೊದಲೇ ಅವನು ಎದ್ದ. “ನಾ ಇನ್ನ ಆಡೂದಿಲ್ರಿ” ಎಂದು ಅಂಗಡಿಗೆ ಹೋಗಿ ಕದ ಹಾಕಿಕೊಂಡ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ, ಪಾಪ.

ಆಮೇಲೆ ತಾಯಿ-ಮಗನ ನಡುವೆ ಮಾತು ನಿಂತಿತು. ಹಬ್ಬದ ದಿನ ಊರೆಲ್ಲ ‘ಬನ್ನಿ ತಗೊಂಡು ಬಂಗಾರದ್ಹಂಗ ಇರೂಣು’ ಎಂದು ಒಬ್ಬರಿಗೊಬ್ಬರು ಬನ್ನಿಯ ಎಲೆ ಕೊಡುತ್ತಿದ್ದರೆ, ಗುರುಬಸಣ್ಣ ತಾಯಿಯ ಕೈಗೆ ಎಲೆ ಕೊಟ್ಟ, ಕಾಲು ಮುಟ್ಟಿದ, ತುಟಿ ಮಾತ್ರ ಬಿಚ್ಚಲಿಲ್ಲ. ಆಯಿಯೂ ಅವನ ತಲೆ ಮೇಲೆ ಕೈಯಿಟ್ಟು ಹಾಗೇ ಒಳಗೆ ಹೋದರು. ನಾನು ಬಾಗಿಲಲ್ಲಿ ನಿಂತು ಇದೆಲ್ಲ ನೋಡಿದೆ. ಇವರ ಮನೆಯೊಳಗೆ ಈ ದಾಳದ ಡಬ್ಬಿ ಯಾಕಾದರೂ ತಂದೆನೋ ಅನಿಸಿತು.

ಮರುದಿನ ಮಧ್ಯಾಹ್ನದ ಸುಟ್ಟಿಯಲ್ಲಿ ಮಾಯವ್ವ ಶಾಲೆಗೇ ಬಂದಳು.

“ಬಾಯಾರ, ಉಪ್ಪಿಗೂ ಬಿಡುಗಡಿ ಐತ್ರಿ. ನಮ್ಮ ಕುರಿ ಗೊಬ್ಬರಕ್ಕಂತ ಒಬ್ಬರ ಹೊಲದಾಗ ಕುಂತ್ರ ಅವರ ಮನಿ ಜ್ವಾಳ ಉಣ್ತೇವಿ. ಅಲ್ಲಿಂದ ಏಳೂ ಮುಂದ ಆ ಹೊಲದವರನ್ನ ನಮ್ಮ ಬಿಡಾರಕ್ಕ ಕರದು ಉಣಿಸ್ತೇವಿ. ಉಪ್ಪ ತೀರತು. ಅದಾದ ಮ್ಯಾಲ ಏನ್ ತಕರಾರ ಇದ್ರೂ ಮಾರಿ ನೋಡಿ ಆಡಬಹುದು. ರಾಕ್ಷಸಿನ್ನೂ ಉಣ್ಣಾಕ ಕರೀಲಿ. ಆಮ್ಯಾಲ ಹೊಡಿಲಿ.”

ನಾನು ಅವಳನ್ನು ಅಪ್ಪಿಕೊಳ್ಳುವುದೊಂದು ಬಾಕಿ. “ಆದ್ರ ಒಂದೈತ್ರಿ” ಎಂದಳು, ಕಣ್ಣಲ್ಲಿ ನಗು. “ತಕರಾರ ಯಾರದೋ ಅವರs ಕರೀಬೇಕು. ಬ್ಯಾರೇದವರು ಕರದ್ರ ನಡಿಯಂಗಿಲ್ಲ.”

ಎಂದರೆ ರಣಭೀಮ. ಮಾತಿಗೆ ಮೂರು ಅಂಕ ಇಟ್ಟುಕೊಂಡವನು. ಸುದ್ದಿ ಅಂಗಡಿಗೆ ಹೋಯಿತು. ಗುರುಬಸಣ್ಣ ತೂಕದ ಕಾಟಾದ ಮೇಲೆ ಕೈಯೂರಿ ಬಹಳ ಹೊತ್ತು ಯೋಚಿಸಿದನಂತೆ. ಕೊನೆಗೆ ನನ್ನ ಕೇಳಿದ್ದು ಒಂದೇ: “ಎಷ್ಟ ಬೀಳಬೇಕ್ರಿ?”

“ಹದಿನೆಂಟರ ಮೇಲೆ.”

ಅದೃಷ್ಟಕ್ಕೆ ಏನೂ ಬಿಡಬಾರದೆಂದು ಇಡೀ ಮಳೆಗಾಲ ಲೆಕ್ಕ ಹಾಕಿದ ಮನುಷ್ಯ. ತಿರುಗಿ ಕೂತು ಗೊಬ್ಬರದ ಚೀಲ ಹೊಲಿಯತೊಡಗಿದ. ಐತವಾರ ಬರುತ್ತಾನೋ ಇಲ್ಲವೋ ಎಂದು ನಾನು ಬೆಳಗಿನಿಂದ ಅಂಗಳಕ್ಕೂ ಕೋಣೆಗೂ ತಿರುಗಿ ತಿರುಗಿ ಕಾಲು ನೋಯಿಸಿಕೊಂಡೆ.

ಬಂದ. ಯಾರ ಮುಖವನ್ನೂ ನೋಡದೆ ಕುಳಿತ. ದಾಳ ತೆಗೆದುಕೊಂಡು, ಊದಿ, ಉರುಳಿಸಿದ. ಅದು ನೆಲದ ಮೇಲೆ ಸುತ್ತಿ ಸುತ್ತಿ ನಿಂತಿತು.

ಮೂರು.

ಶೇಂಗಾದ ಬುಟ್ಟಿಗೆ ಕೈ ಹಾಕಿದ್ದ ಮಾಯವ್ವನ ಕೈ ಅಲ್ಲೇ ನಿಂತಿತು. ಸೋತೆವು ಎಂದು ನಾನು ಪುಸ್ತಕ ಮುಚ್ಚಹೊರಟೆ. ಆಗ ಗುರುಬಸಣ್ಣ ಗಂಟಲು ಸರಿಪಡಿಸಿಕೊಂಡು, ಯಾರೂ ಕೇಳದಿದ್ದರೂ, ಮಾತಾಡಿದ.

“ಯವ್ವಾ, ನಿಮ್ಮ ಒಲಿ ಮುಂದ ಕುಂತು ಉಂಡೇವ್ರಿ. ಉಂಡು ಎದ್ದು, ನಿಮ್ಮ ಮ್ಯಾಲs ಗದಾ ಎತ್ತಿದ್ನಿ. ತಪ್ಪಾತು. ನನಗ ಚಲೋ ಮಾತ ಬರೂದಿಲ್ಲ, ಎಲ್ಲಾರಿಗೂ ಗೊತ್ತೈತಿ. ನಮ್ಮ ಕಡಿ ಎರಡ ರೊಟ್ಟಿ ಅದಾವ. ಸಿಟ್ಟ ಬಿಟ್ಟು ಊಟಕ್ಕ ಏಳ್ರಿ.”

ಹೇಳಿದ್ದು ರಾಕ್ಷಸಿಗೆ. ರಾಕ್ಷಸಿಯ ಮಾತು ಆಡಬೇಕಾದವಳು ನಾನು. ಆದರೆ ಅವನು ನೋಡುತ್ತಿದ್ದುದು ನನ್ನನ್ನಲ್ಲ, ತಾಯಿಯನ್ನು. ನಾನು ಬಾಯಿ ತೆರೆಯುವಷ್ಟರಲ್ಲಿ ಆಯಿ ಮಂಡಿಯ ಮೇಲೆ ಕೈಯೂರಿ ಚೀಲದ ಮೇಲಿಂದ ಎದ್ದೇಬಿಟ್ಟರು. “ಏಳ್ತೀನಪಾ, ಏಳ್ತೀನಿ” ಎಂದರು. ಕಣ್ಣು ಒರೆಸಿಕೊಂಡರು. ಗುರುಬಸಣ್ಣನೂ ಬೇರೆ ಕಡೆ ನೋಡಿದ.

“ರಾಕ್ಷಸಿಯೂ ಎದ್ದಳು” ಎಂದೆ ನಾನು.

“ಹೆಂಗ ಎದ್ದಳ್ರಿ?” ಮಾಯವ್ವ ಚೀಲದಿಂದ ಹಾರಿ ಇಳಿದಳು. “ಮೂರು ಬಿದ್ದೈತಿ! ನನ್ನ ನಾಯಿಗೆ ಕತ್ತಲದಾಗ ಕಣ್ಣ ಕೊಡ್ಲಿಲ್ಲ ನೀವು, ನಿಯಮ ನಿಯಮ ಅಂದ್ರಿ. ಈಗ ನಿಯಮ ಎಲ್ಲಿ ಹೋತು?”

“ಹೌದ್ರಿ ಬಾಯಾರ” ಎಂದ ಗುರುಬಸಣ್ಣ, ಗೆದ್ದವನೇ ತಕರಾರು ತೆಗೆದು. “ಮೂರು ಅಂದ್ರ ಮೂರು. ನನಗ ಫುಕಟ ಬ್ಯಾಡ್ರಿ.”

“ನೋಡ್ರಿ” ಎಂದೆ. “ನೂರಾರು ವರ್ಷ ಗುಡ್ಡದ ಮೇಲೆ ಒಬ್ಬಳೇ ಕೂತವಳು. ಒಬ್ಬರೂ ಊಟಕ್ಕೆ ಏಳು ಅಂದಿಲ್ಲ. ಅಂಥವಳನ್ನು ಕರೆದರೆ ಮೂರಲ್ಲ, ಒಂದು ಬಿದ್ದರೂ ಏಳುತ್ತಾಳೆ. ಪುಸ್ತಕಕ್ಕೆ ಅದು ಗೊತ್ತಿಲ್ಲ, ನನಗೆ ಗೊತ್ತು.” ಆಯಿ ನನ್ನ ಕಡೆ ಒಂದು ಗಳಿಗೆ ನೋಡಿದರು.

ಮಾಯವ್ವ ಒಪ್ಪಲಿಲ್ಲ. ಆದರೂ ರಾಕ್ಷಸಿ ಇಳಿದು ಬಂದಳು, ಸಾಲಿನಲ್ಲಿ ಕುಳಿತಳು, ಆಯಿ ಬಡಿದ ರೊಟ್ಟಿಯನ್ನು ರಣಭೀಮನ ಕೈಯಿಂದ ಹಾಕಿಸಿಕೊಂಡು ಉಂಡಳು. ಉಂಡು ಮುಗಿದ ಮೇಲೆ ಗುರುಬಸಣ್ಣ ದಾಳ ಎತ್ತಿಕೊಂಡ. “ಈಗ ಉಪ್ಪ ತೀರತು. ಹೊಡಿಲೇನ್ರಿ?”

“ಹೆಂಗ ಹೊಡಿತೀರಿ ಅಣ್ಣಾರ?” ಎಂದಳು ಮಾಯವ್ವ. “ಈಗ ಆಕಿ ನಿಮ್ಮ ಉಪ್ಪ ಉಂಡಾಳ. ನಿಮ್ಮ ಮ್ಯಾಲ ಕೈ ಎತ್ತಂಗಿಲ್ಲ. ಕೈ ಎತ್ತಲಾರದ ಹೆಂಗಸಿನ್ನ ಹೊಡಿತೀರೇನು?”

ಗುರುಬಸಣ್ಣ ದಾಳವನ್ನು ನೋಡಿದ, ನನ್ನನ್ನು ನೋಡಿದ, ತಾಯಿಯನ್ನು ನೋಡಿದ. ಆನೆ ಉರುಳಿಸುವ ಆ ಏಟು, ಮಳೆಗಾಲವೆಲ್ಲ ಮಸೆದದ್ದು, ಇನ್ನು ಯಾವ ಕಾಲಕ್ಕೂ ಬೀಳುವುದಿಲ್ಲ ಎಂದು ಅವನಿಗೆ ತಿಳಿಯಿತು. ತಿಳಿದವನೇ ಚೀಲಕ್ಕೆ ಒರಗಿ ನಗಲು ಶುರುಮಾಡಿದ. ಅವನು ಅಷ್ಟು ನಕ್ಕದ್ದನ್ನು ನಾನು ಅದೇ ಮೊದಲು ನೋಡಿದ್ದು. ಆಯಿ ಸೆರಗು ಹುಡುಕುವುದನ್ನೂ ಮರೆತು ನಕ್ಕರು.

ರಾಕ್ಷಸಿ ತಾನೇ ಹೋಗಿ ಹಳ್ಳದ ಕಟ್ಟೆ ಒಡೆದಳು. ನೀರು ಹರಿಯಿತು ಎಂದು ಹೇಳಿ ಕತೆ ಮುಗಿಸೋಣ ಎಂದರೆ, ನೀರು ಮೊದಲು ಎಲ್ಲಿಗೆ ಎಂಬ ಪ್ರಶ್ನೆ ಬಂತು. ಗುರುಬಸಣ್ಣ ಬಿಳೂರಿಗೆ ಎಂದ. ಆಯಿ ಗುಡ್ಡಾಪುರದ ತಾಯಿಯ ಗುಡಿಗೆ ಎಂದರು. ಮಾಯವ್ವ ತನ್ನ ತವರು ಅಸಂಗಿಗೆ ಎಂದು ಹಟ ಹಿಡಿದಳು. ಇಳಿಜಾರು ಎತ್ತ ಇದೆ ಎಂದು ಶೇಂಗಾ ಸಿಪ್ಪೆಯಿಂದ ಗುಡ್ಡ ಮಾಡಿ ತೋರಿಸಿದರು. ಹೊತ್ತು ಮುಳುಗುವ ತನಕ ನೀರು ಅಲ್ಲೇ ಸಿಪ್ಪೆಯ ನಡುವೆ ನಿಂತಿತ್ತು. ಆಮೇಲೆ ಆಯಿ ನನ್ನ ಕೋಣೆಯ ಕಡೆ ಹೋಗಲು ಬಿಡದೆ, “ಇವತ್ತ ಒಬ್ಬಾಕಿನs ಒಲಿ ಹಚ್ಚಬ್ಯಾಡ” ಎಂದು ಕೈ ಹಿಡಿದು ಒಳಗೆ ಕೂಡಿಸಿ ಉಣಿಸಿದರು. ಅಂದಿನಿಂದ ಅದೇ ರೂಢಿಯಾಯಿತು.

ಸೋಮವಾರ ಬೆಳಿಗ್ಗೆ ಹಜೇರಿ ತೆಗೆಯುತ್ತಿದ್ದಾಗ ಶಾಲೆಯ ಮುಂದಿನ ರಸ್ತೆಯ ತುಂಬ ಕುರಿ. ಮುಂದೆ ಸಾಮಾನು ಹೇರಿದ ಕುದುರೆ, ಅದರ ಹಿಂದೆ ಮಾಯವ್ವನ ಗಂಡ, ಕಟ್ಟಕಡೆಗೆ ನಾಯಿಯ ಜೊತೆ ಅವಳು. ಹೊರಟೇಬಿಟ್ಟಳು. ನನ್ನ ಕೂಟ ಹೋಯಿತು ಎಂದುಕೊಂಡೆ. ಅಷ್ಟರಲ್ಲಿ ಅವಳು ಕಂಪೌಂಡಿನ ಮೇಲಿಂದ ಕತ್ತು ಚಾಚಿ ಊರು ಕೇಳುವಂತೆ ಕೂಗಿದಳು:

“ಬಾಯಾರ! ಮೂರು ಬಿದ್ದಿತ್ತು! ಆಕಿ ಏಳಂಗಿರಲಿಲ್ಲ! ನಾ ಇನ್ನಾ ಒಪ್ಪಿಲ್ಲ!”

ಹಜೇರಿ ಪುಸ್ತಕ ಕೈಯಲ್ಲಿ ಹಿಡಿದುಕೊಂಡೇ ಅಂಗಳಕ್ಕೆ ಓಡಿದೆ. ಹಿಂದೆ ಇಡೀ ವರ್ಗ ಕಿಟಕಿಗೆ ಜೋತುಬಿತ್ತು. ಮರ್ಯಾದೆ ಗಿರ್ಯಾದೆ ಎಲ್ಲ ಬಿಟ್ಟು ನಾನೂ ಗಂಟಲು ಹರಿಯುವಂತೆ ಕೂಗಿದೆ:

“ಎದ್ದಾಳ ಅಂದ್ರ ಎದ್ದಾಳ! ಧೈರ್ಯ ಇದ್ರ ಮಳಿಗಾಲಕ್ಕ ಬಾ, ನೋಡೂಣು!”

“ಬರ್ತೀನ್ರಿ!” ಎಂದಳು ಕುರಿಗಳ ನಡುವಿನಿಂದ. “ಬಿಡಂಗಿಲ್ಲ ನಿಮ್ಮನ್ನ!”